ಚೀನಾದ ‘ಹುಕೋ’ ಅಂದ್ರ ನಮ್ಮ ರೇಷನ್ ಕಾರ್ಡಿನಂಥದ್ದೇನ್ರಿ?

ಮಸ್ಕಿ ಹುಡುಗ:
ರಾಯಚೂರಿನ್ಯಾಗ ಕೆಎಎಸ್‌ಗೆ ಓದಾಕತ್ತೀನಿ. ಹುಕೋ ಅಂತ ಬಂತು, ಯಾರು ಯಾವ ಊರಿನವ್ರು ಅಂತ ಬರದಿಡೋ ಪದ್ಧತಿ: 1958ರ ಕಾಯ್ದೆ, ಮನಿಗೊಂದು ನೋಂದಣಿ ಪುಸ್ತಕ, ಅದರಾಗ ‘ಕೃಷಿ’ ಇಲ್ಲಾ ‘ಕೃಷಿಯೇತರ’ ಅಂತ ಬರದಿರ್ತಿತ್ತಂತ. ಬಾಯಿಪಾಠ ಆಗೇದ, ತಲಿಗಿ ಹತ್ತವಲ್ದು. ನಮ್ಮಕ್ಕ-ಮಾವ ಬೆಂಗಳೂರಿಗೆ ಗುಳೆ ಹೋಗಿ ಆರು ವರ್ಷ, ಗಾರೆ ಕೆಲಸ. ಕಾರ್ಡು, ವೋಟು ಎಲ್ಲಾ ಊರಾಗ. ಅವರ ಮಗ ನಮ್ಮವ್ವನ ಹತ್ರ ಅದಾನ. ನಾವೂ ಹುಕೋದಾಗ ಇದ್ದಂಗೇ ಆತಲ್ಲ?

ಕುಷ್ಟಗಿ ಕಲ್ಲು:
ತಮ್ಮಾ, ಗ್ರಾನೈಟ್ ಪಾಲಿಶ್ ಮಷೀನ್ ನೋಡಾಕ 2011ರಾಗ ಚೀನಾದ ಶಿಯಾಮೆನ್‌ಗೆ ಹೋಗಿದ್ನಿ. ಮಷೀನ್ ತೋರ್ಸಿದಂವ ಸಿಚುವಾನ್ ಕಡಿಯಂವ. ಮಗಳು ಊರಾಗ, ಅಜ್ಜಿ ಹತ್ರ. ಇಲ್ಲೇ ಓದಸಬಾರದೇನಂತ ದುಭಾಷಿ ಕೈಲೆ ಕೇಳಿಸಿದೆ. ಶಾಲಿ ಸಿಕ್ರೂ ಕಾಲೇಜಿನ ಪ್ರವೇಶ ಪರೀಕ್ಷೆ ಹುಕೋ ಇದ್ದಲ್ಲೇ ಬರೀಬೇಕಂತ, ಹುಕೋ ಪುಸ್ತಕ ನೋಡಿದ್ರ ಊರಾಗ ಅವನ ಅಪ್ಪನ ಪೆಟ್ಟಿಗ್ಯಾಗ. ಮಧ್ಯಾಹ್ನ ಬಿಡುವಿನ್ಯಾಗ ಮಗಳಿಗೆ ಬೂಟು ತಗೊಂಡ. ಅಳತಿ? ಅವ್ವ ಫೋನಿನ್ಯಾಗ ಹೇಳಿದ ಗೇಣಿನ ಲೆಕ್ಕ. ಕಲ್ಲಿನ ಪುಡಿ ಹತ್ತಿದ ಬೆರಳು ಬೂಟಿನ ಮ್ಯಾಲೆ ಚಾಚಿ ಚಾಚಿ ನೋಡಿದ.

ಬಳ್ಳಾರಿ ಮೇಷ್ಟ್ರು:
ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಪ್ಪ. ಆ 1958ರ ಕಾಯ್ದೆಯ ಕಾಲದಲ್ಲಿ ಅಲ್ಲಿ ಧಾನ್ಯದ ಕೂಪನ್ನು ಪಟ್ಟಣದ ಹುಕೋ ಇದ್ದವರಿಗೆ ಮಾತ್ರ. ಹಳ್ಳಿಯವನು ಶಹರಕ್ಕೆ ಬಂದರೆ ತಿನ್ನೋದೇನು? ಹಳ್ಳಿಯ ಅಗ್ಗದ ಧಾನ್ಯದಿಂದ ಕಾರ್ಖಾನೆ ಕಟ್ಟಬೇಕು, ಹಳ್ಳಿಗರು ಮಾತ್ರ ಅಲ್ಲೇ ಇರಬೇಕು, ಅದು ಸರ್ಕಾರದ ಲೆಕ್ಕ. ಕಾರ್ಖಾನೆ ಹೆಚ್ಚಾದಮೇಲೆ ಜನರನ್ನು ಬಿಟ್ಟುಕೊಂಡರು, ಆದರೆ ತಾತ್ಕಾಲಿಕ ವಾಸದ ಪತ್ರ ಬೇಕಿತ್ತು. 2003ರಲ್ಲಿ ಹುಬೈ ಪ್ರಾಂತ್ಯದ ಸುನ್ ಝಿಗಾಂಗ್ ಎಂಬ ಪದವೀಧರನನ್ನು ಪತ್ರ ಇಲ್ಲವೆಂದು ಗ್ವಾಂಗ್‌ಝೌನಲ್ಲಿ ಹಿಡಿದರು. ಬಂಧನದಲ್ಲೇ ಹೊಡೆತ ತಿಂದು ಸತ್ತ. ದೇಶವೇ ಕೆರಳಿತು, ಹಿಡಿದು ಊರಿಗೆ ಅಟ್ಟುವ ಆ ನಿಯಮ ಅದೇ ವರ್ಷ ರದ್ದಾಯ್ತು. ನಿನ್ನ ಮಾವನನ್ನು ಮೆಜೆಸ್ಟಿಕ್‌ನಲ್ಲಿ ಯಾರಾದರೂ ಹಾಗೆ ತಡೆದಿದ್ದಾರೇನು? ಈಗ ಅವನ ಅಕ್ಕಿ ಬೆಂಗಳೂರಲ್ಲೂ ಸಿಗುತ್ತೆ.

2014ರಲ್ಲಿ ಕೃಷಿ, ಕೃಷಿಯೇತರ ಅನ್ನೋ ಹಣೆಪಟ್ಟಿ ತೆಗೀತೀವಿ ಅಂತ ಸರ್ಕಾರ ಸಾರಿತು. ಆದರೂ 2020ರ ಗಣತಿ ಹೊತ್ತಿಗೆ ಶೇ 63.9 ಜನ ಪಟ್ಟಣವಾಸಿಗಳು, ಪಟ್ಟಣದ ಹುಕೋ ಇದ್ದವರು ಶೇ 45.4. ಬೀಜಿಂಗ್, ಶಾಂಘೈನಲ್ಲಿ ಓದು, ಕೆಲಸಕ್ಕೆ ಅಂಕ ಕೂಡಿಸಿ ಹುಕೋ ಕೊಡ್ತಾರೆ. ಇನ್ನೊಂದು, ಹಳ್ಳಿ ಹುಕೋ ಇದ್ದರೆ ಊರ ಜಮೀನಿನಲ್ಲಿ ಪಾಲು. ಹಾಗಾಗಿ ಪಟ್ಟಣದ ಹುಕೋ ಕೊಟ್ಟರೂ ಬೇಡ ಅನ್ನೋರು ಬಹಳ.

ಮಸ್ಕಿ ಹುಡುಗ:
ಇದು ಈಗ ತಿಳೀತ್ರಿ ಸರ್! ನಮ್ಮ ಮಾವನೂ ವಿಳಾಸ ಬದಲಿಸಾಕ ಒಲ್ಲೆ ಅಂತಾನ, ಹುಡುಗಗ ನಮ್ಮ ಕಲ್ಯಾಣ ಕರ್ನಾಟಕದವ್ರ ಮೀಸಲಾತಿಯ 371ಜೆ ಸರ್ಟಿಫಿಕೇಟ್ ತಪ್ಪಿದ್ರ ಅಂತ ಅಂಜಿಕಿ.
ಕುಷ್ಟಗಿ ಅಣ್ಣಾ, ಬೂಟು ಕಾಲಿಗೆ ಸರಿಹೋದ್ವೇನು?

ಕುಷ್ಟಗಿ ಕಲ್ಲು:
ಅವರ ಹೊಸವರ್ಷದ ಹಬ್ಬಕ್ಕ ಇನ್ನಾ ಎರಡು ತಿಂಗಳಿತ್ತು, ಅಂವ ಆಗ ಊರಿಗಿ ಹೋಗಾಂವ. ನಾ ಮಷೀನ್ ಬುಕ್ ಮಾಡಿ ಬಂದ್ಬಿಟ್ಟೆ.