ದಸರಾ ರಜೆಗೆ ಮನೆಮಂದಿಯೆಲ್ಲ ಸೇರಿ ಹಾಡಿನ ನಾಟಕ: ಆಡಿದವರು ಏನಂತೀರಿ?

ನಮ್ಮ ಬಡಾವಣೆಯ ಹವ್ಯಾಸಿ ತಂಡ ಈ ದಸರಾ ರಜೆಯಲ್ಲಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕಥನಕವನವನ್ನು ಹಾಡು-ಕುಣಿತದ ನಾಟಕವಾಗಿ ಆಡಲು ಹೊರಟಿದೆ. ಮಕ್ಕಳೆಲ್ಲ ಇಲಿಗಳು, ಅವರ ಅಪ್ಪ-ಅಮ್ಮ, ಅಜ್ಜಿ-ತಾತ ಊರಿನವರು. ದೊಡ್ಡವರ ನಾಟಕ ಆಡಿ ಗೊತ್ತು, ಮಕ್ಕಳ ಜೊತೆ ಇದೇ ಮೊದಲು. ಅನುಮತಿ, ಸಂಗೀತ, ತಾಲೀಮು ಎಲ್ಲದರ ಬಗ್ಗೆಯೂ ನಿಮ್ಮ ಅನುಭವ ಹೇಳಿ.

ಶಿವಮೊಗ್ಗ, ತಂಡದ ಲೆಕ್ಕಪತ್ರ ನೋಡುವವರು:
ಟಿಕೆಟ್ ಇಡ್ತೀರಾ ಇಲ್ವಾ? ಅದನ್ನು ಮೊದಲು ತೀರ್ಮಾನಿಸಿ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅದರ ಮುಂದಿನ ವರ್ಷದಿಂದ 60 ವರ್ಷ, ಅಂದರೆ 2054ರ ಕೊನೆಯವರೆಗೆ ಅವರ ಬರಹದ ಮೇಲೆ ಹಕ್ಕು ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಹವ್ಯಾಸಿ ತಂಡಗಳಿಗೆ ವಿನಾಯಿತಿ ಉಂಟು, ಆದರೆ ನೋಡಲು ಬಂದವರು ದುಡ್ಡು ಕೊಟ್ಟಿರಬಾರದು. ‘ಡೊನೇಷನ್ ಪಾಸ್’ ಅಂತ ಹೆಸರು ಬದಲಾಯಿಸಿದರೆ ಅದೂ ಟಿಕೆಟ್ಟೇ ಅಲ್ವಾ? ಇನ್ನು ಬೇರೆಯವರು ಬರೆದ ರಂಗರೂಪ, ಬೇರೆ ತಂಡದ ಟ್ಯೂನ್ ತಗೊಂಡರೆ ಅವರನ್ನೂ ಕೇಳಬೇಕು. ಏನೇ ಇರಲಿ, ಹಕ್ಕು ಇರುವವರಿಗೆ ಒಂದು ಪತ್ರ ಬರೆದು ಒಪ್ಪಿಗೆ ಪಡೆದುಬಿಡಿ.

ಮೈಸೂರು, ಹಾರ್ಮೋನಿಯಂ ನುಡಿಸುವವರು:
ಮಕ್ಕಳ ನಾಟಕ ಕೆಡುವುದು ಬಹಳ ಸಲ ಶ್ರುತಿಯಲ್ಲಿ. ಗಂಡಸರು ಬಿಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಶ್ರುತಿ) ಆರಾಮಾಗಿ ಹಾಡುತ್ತಾರೆ. ಅದೇ ಶ್ರುತಿಯಲ್ಲಿ ಚಿಕ್ಕ ಮಕ್ಕಳು ಮಂದ್ರಕ್ಕೆ, ಅಂದರೆ ಕೆಳಗಿನ ಸ್ವರಗಳಿಗೆ ಇಳಿದರೆ ದನಿಯೇ ಹೊರಡುವುದಿಲ್ಲ. ಇಲಿಗಳ ಹಾಡು ಬಿಳಿ ನಾಲ್ಕು, ಐದರ ಆಸುಪಾಸಿನಲ್ಲಿರಲಿ. ಊರವರು ಗೌಡನ ಹತ್ತಿರ ದೂರು ಹೇಳುವ ಹಾಡು ದೊಡ್ಡವರಿಗೇ ಬಿಡಿ. ಇಬ್ಬರೂ ಸೇರುವ ಕಡೆ ದೊಡ್ಡವರು ತಾಳ ಹಾಕಲಿ, ಸಾಕು.

ಮೊದಲೇ ರೆಕಾರ್ಡ್ ಮಾಡಿದ ಸಂಗೀತದ ಟ್ರ್ಯಾಕ್ ಹಾಕಬೇಡಿ. ಒಂದು ಇಲಿ ಬಾಲ ಸಿಕ್ಕಿಸಿಕೊಂಡು ತಡವಾಗಿ ಬಂದರೆ ಹಾರ್ಮೋನಿಯಂ ಇನ್ನೊಂದು ಸುತ್ತು ಕಾಯುತ್ತದೆ, ಪೆನ್‌ಡ್ರೈವ್ ಕಾಯಲ್ಲ. ರಂಗ ನಿರ್ದೇಶಕ ಬಿ. ವಿ. ಕಾರಂತರು ಸಿಕ್ಕ ಸಿಕ್ಕ ವಸ್ತುವಿನಿಂದ ರಂಗಕ್ಕೆ ಸಂಗೀತ ಹುಟ್ಟಿಸಿದರು. ನಿಮಗೆ ತೆಂಗಿನ ಚಿಪ್ಪು, ಡಬ್ಬ, ಬಿದಿರು ಸಿಗುತ್ತಲ್ಲ, ಇಲಿ ಓಡುವ ಸದ್ದನ್ನು ಅಜ್ಜಂದಿರೇ ಹೊರಡಿಸಲಿ. ಮಾತು ಇಲ್ಲದವರಿಗೂ ಕೆಲಸ ಸಿಕ್ಕಿದ ಹಾಗಾಯಿತು.

ಹುಬ್ಬಳ್ಳಿ:
ಮೇಲಿನವರ ಮಾತು ಸರಿ. ಆದರೆ ಚೆನ್ನಾಗಿ ನುಡಿಸುವವರು ಊರಲ್ಲೇ ಇಲ್ಲದಿದ್ದರೆ? ನಾವು ಟ್ರ್ಯಾಕ್‌ನಲ್ಲೇ ಮಾಡಿದೆವು. ಪ್ರತಿ ಹಾಡನ್ನೂ ಬೇರೆ ಬೇರೆ ಫೈಲ್ ಮಾಡಿಸಿ, ಅದನ್ನು ಹಾಕಲು ಬಟನ್ ಒತ್ತುವವರು ತಾಲೀಮಿನ ಮೊದಲ ದಿನದಿಂದಲೂ ಬರಲಿ.

ಬೆಂಗಳೂರು, ಎರಡು ಇಲಿಗಳ ತಾಯಿ:
ಪೂರ್ತಿ ಮುಖವಾಡ ಬೇಡವೇ ಬೇಡ. ಬಾಯಿ ಮುಚ್ಚಿದರೆ ಹಾಡು ಅಲ್ಲೇ ಸಾಯುತ್ತದೆ. ಕಿವಿ ಹೊಲಿದ ಟೋಪಿ, ಮೂಗಿಗೆ ಬಣ್ಣ ಸಾಕು. ಬಾಲ ಮೊಣಕಾಲು ದಾಟಬಾರದು, ಹಿಂದಿನವರು ತುಳಿಯುತ್ತಾರೆ.

ಇಲಿಗಳನ್ನು ಗುಂಪು ಮಾಡಿ, ಗುಂಪಿಗೊಬ್ಬ ದೊಡ್ಡ ಹುಡುಗಿಯನ್ನು ಮುಂದೆ ಬಿಡಿ. ಪುಟಾಣಿಗಳು ನಿರ್ದೇಶಕರ ಮಾತು ಕೇಳಲ್ಲ, ಅಕ್ಕನ ಹಿಂದೆ ಹೋಗುತ್ತಾರೆ. ತಾಲೀಮು ಒಂದೂವರೆ ಗಂಟೆ ದಾಟಿದರೆ ಸುಮ್ನೆ ಗಲಾಟೆ ಅಷ್ಟೇ. ಒಂಟಿಯಾಗಿ ಹಾಡಬಲ್ಲ ಮಗು ಇದ್ದರೆ ಕೊನೆಯಲ್ಲಿ ಒಬ್ಬನೇ ಹಿಂದೆ ಉಳಿಯುವ ಹುಡುಗನ ಪಾತ್ರ ಕೊಡಿ. ಜೋಗಿ ಪಾತ್ರಕ್ಕೆ ಎಲ್ಲರೂ ಜಗಳ ಆಡ್ತಾರೆ, ಆದರೆ ಜನ ಕಣ್ಣೊರೆಸಿಕೊಳ್ಳುವುದು ಈ ಹುಡುಗನನ್ನು ನೋಡಿ.

ಧಾರವಾಡ:
ಆಯುಧಪೂಜೆ, ವಿಜಯದಶಮಿಗೆ ಜನ ಊರಿಗೆ ಹೋಗಿಬಿಡುತ್ತಾರೆ. ರಜೆಯಲ್ಲಿ ತಾಲೀಮು ಮಾಡಿ, ಶಾಲೆ ಶುರುವಾಗುವ ಹಿಂದಿನ ಶನಿವಾರ-ಭಾನುವಾರ ಆಡಿ. ಎಲ್ಲಾ ಶಾಲೆಗಳ ರಜೆಯೂ ಒಂದೇ ಸಲ ಬರಲ್ಲ, ಮೊದಲೇ ಕೇಳಿಕೊಳ್ಳಿ. ಬಯಲಿನಲ್ಲಾದರೆ ರಾತ್ರಿ 10ಕ್ಕೆ ಮೈಕ್ ಬಂದ್. ಮಕ್ಕಳು ನಿದ್ದೆಗೆ ಜಾರುವ ಮೊದಲೇ ಮುಗಿಯುವಂತೆ ಸಂಜೆ ಆರಕ್ಕೇ ಶುರು ಮಾಡಿ.

ಇನ್ನೊಂದು. ಜೋಗಿ ಮಕ್ಕಳನ್ನು ಕರೆದುಕೊಂಡು ಪ್ರೇಕ್ಷಕರ ನಡುವೆ ಹಾದು ಹೋಗುವ ಹಾಗೆ ಮಾಡಿದರೆ ಬಹಳ ಚೆಂದ ಕಾಣುತ್ತದೆ. ಆದರೆ ಕೂತಿರುವ ಪುಟ್ಟ ಮಕ್ಕಳೂ ಎದ್ದು ಹಿಂದೆ ಹೊರಟುಬಿಡುತ್ತಾರೆ! ಹೊರಬಾಗಿಲಲ್ಲಿ ಪಟ್ಟಿ ಹಿಡಿದು ಇಬ್ಬರನ್ನು ನಿಲ್ಲಿಸಿ, ಯಾರ ಮಕ್ಕಳು ಯಾರು ಅಂತ ಗೊತ್ತಿರುವವರನ್ನೇ.