ಸಹಾಯ ಬೇಕು: ಒಂದು ಡೆನಾರಿಯಸ್ ಅಂದ್ರೆ 10 ಆಸೋ, 16 ಆಸೋ?

ಎಲ್ಲರಿಗೂ ನಮಸ್ಕಾರ. ರೋಮನ್ ಸೈನಿಕರ ಸಂಬಳದ ಬಗ್ಗೆ ಮಕ್ಕಳಿಗಾಗಿ ಒಂದು ಪುಟ್ಟ ಲೇಖನ ಬರೆಯಲು ಕೂತೆ. ಮೂರು ದಿನದಿಂದ ಒಂದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ. ಡೆನಾರಿಯಸ್ ಅಂದ್ರೆ ರೋಮನ್ನರ ಬೆಳ್ಳಿ ನಾಣ್ಯ, ಆಸ್ ಅಂದ್ರೆ ಅವರ ಚಿಲ್ಲರೆ ನಾಣ್ಯ.

ತೂಕ, ಉದ್ದ ತೊಂದರೆ ಕೊಡಲಿಲ್ಲ. ಒಂದು ಲಿಬ್ರಾ (ರೋಮನ್ನರ ತೂಕದ ಅಳತೆ) ಸುಮಾರು 327 ಗ್ರಾಂ, ಒಂದು ರೋಮನ್ ಅಡಿ ಸುಮಾರು 29.6 ಸೆಂ.ಮೀ. ಎರಡರಲ್ಲೂ ಹನ್ನೆರಡರಲ್ಲಿ ಒಂದು ಪಾಲಿಗೆ ಉನ್ಕಿಯಾ ಅಂತಲೇ ಹೆಸರು. ಔನ್ಸ್, ಇಂಚು ಎರಡೂ ಅಲ್ಲಿಂದಲೇ ಬಂದಿದ್ದಂತೆ! ತಲೆ ಕೆಟ್ಟಿದ್ದು ನಾಣ್ಯದ ಹತ್ತಿರ ಬಂದಾಗ.

ಬೆಳ್ಳಿಯ ಡೆನಾರಿಯಸ್‌ಗೆ ಮೊದಲು 10 ಆಸ್. ಹೆಸರು ಹುಟ್ಟಿದ್ದೇ ಹತ್ತರಿಂದ. ಕ್ರಿ.ಪೂ. 2ನೇ ಶತಮಾನದಲ್ಲಿ ಅದು 16 ಆಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಕ್ರಿ.ಶ. 14ರಲ್ಲಿ ರೋಮನ್ ಸಾಮ್ರಾಜ್ಯದ ಗಡಿ ಪ್ರಾಂತ್ಯವಾದ ಪನ್ನೋನಿಯಾದಲ್ಲಿ ದಂಗೆ ಎದ್ದ ಸೈನಿಕರು, ದಿನಕ್ಕೆ ಬರೀ ಹತ್ತು ಆಸ್ ಸಿಗುತ್ತಿದೆ, ಒಂದು ಡೆನಾರಿಯಸ್ ಕೊಡಿ ಅಂತ ಕೇಳಿದರು ಎಂದು ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. 16ರ ಲೆಕ್ಕ ಹಿಡಿದರೆ ಸರಿಹೋಗುತ್ತದೆ. ವರ್ಷಕ್ಕೆ 3650 ಆಸ್ ಅಂದ್ರೆ ಸುಮಾರು 228 ಡೆನಾರಿಯಸ್, ಆಗಿನ ಸಂಬಳ 225ಕ್ಕೆ ತೀರಾ ಹತ್ತಿರ. ಆದರೆ ರೋಮನ್ ಲೇಖಕ ಪ್ಲಿನಿ ಬೇರೆಯದೇ ಹೇಳುತ್ತಾನೆ: ಸೈನಿಕರ ಸಂಬಳದಲ್ಲಿ ಮಾತ್ರ ಯಾವಾಗಲೂ ಹತ್ತು ಆಸ್‌ಗೆ ಒಂದು ಡೆನಾರಿಯಸ್ ಕೊಡುತ್ತಿದ್ದರಂತೆ. ಹಾಗಿದ್ದರೆ ಕೇಳಿದ್ದು ಅವರಿಗೆ ಆಗಲೇ ಸಿಗುತ್ತಿತ್ತು, ಅಲ್ವಾ? ಮತ್ತೆ ಗಲಾಟೆ ಯಾಕೆ?

ಎರಡು ಅನುವಾದ ಹೋಲಿಸಿದೆ, 10ರಿಂದಲೂ 16ರಿಂದಲೂ ಭಾಗಿಸಿ ನೋಡಿದೆ. ಸುಮ್ನೆ ನೋಟ್‌ಬುಕ್ ಹಾಳೆ ತುಂಬಿತು ಅಷ್ಟೇ.

ರೋಮನ್ ಇತಿಹಾಸ ಓದಿಕೊಂಡವರು ದಯವಿಟ್ಟು ಹೇಳಿ: ಕ್ರಿ.ಶ. 14ರ ಸಂಬಳಕ್ಕೆ ನಾನು 16 ಹಿಡಿಯಬೇಕಾ, 10 ಹಿಡಿಯಬೇಕಾ? ಪ್ಲಿನಿಯ ಮಾತನ್ನು ಇನ್ನೂ ಹಳೆಯ ಕಾಲಕ್ಕೆ ಮಾತ್ರ ಅನ್ವಯಿಸಿ ಓದಬಹುದಾ?