ಮುಟ್ಟು ಸರಿಹೋಗಲು ಗರ್ಭನಿರೋಧಕ ಮಾತ್ರೆ: ಮುಂದೆ ಮಗುವಾಗಲು ತೊಂದರೆಯೇ?

ತುಂಗೆಯ ದಡ:
ನನಗೆ 26 ವರ್ಷ, ಊರು ಶಿವಮೊಗ್ಗ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಎಂದು ವೈದ್ಯರು 21 ಮಾತ್ರೆಗಳ ಸ್ಟ್ರಿಪ್ ಬರೆದುಕೊಟ್ಟಿದ್ದಾರೆ. ಅದು ಗರ್ಭನಿರೋಧಕ ಎಂದು ಗೊತ್ತಾದ ಕೂಡಲೇ ಅತ್ತೆ ‘ಗರ್ಭಕೋಶ ಒಣಗಿಹೋಗುತ್ತದೆ’ ಎಂದು ಹಠ ಹಿಡಿದಿದ್ದಾರೆ. ಎರಡು ವರ್ಷ ಬಿಟ್ಟು ನಮಗೆ ಮಗು ಬೇಕು. ನುಂಗಲೇ, ಬಿಡಲೇ?

ಹಳೆಯ ದಾದಿ:
ಗರ್ಭಕೋಶ ಒಣಗುವ ಮಾತನ್ನು ಹೆರಿಗೆ ವಾರ್ಡಿನಲ್ಲಿ ಇದ್ದಷ್ಟೂ ಕಾಲ ಕೇಳಿದೆ. ಹಾಗೆ ಒಣಗಿದ ಒಂದನ್ನೂ ಕಾಣಲಿಲ್ಲ. ಈ ಮಾತ್ರೆಯಲ್ಲಿರುವ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಹಾರ್ಮೋನುಗಳು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ, ಅಷ್ಟೇ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ಒಂದರಿಂದ ಮೂರು ತಿಂಗಳೊಳಗೆ ಎಲ್ಲವೂ ಮೊದಲಿನಂತಾಗುತ್ತದೆ. ಎಷ್ಟು ವರ್ಷ ನುಂಗಿದಿರಿ ಎಂಬ ಲೆಕ್ಕಕ್ಕೂ ಬಸಿರಾಗುವುದಕ್ಕೂ ಸಂಬಂಧವಿಲ್ಲ. ತಡವಾಗುವುದು ಮೂರು ತಿಂಗಳಿಗೊಮ್ಮೆ ಚುಚ್ಚುವ ‘ಅಂತರಾ’ ಎಂಬ ಗರ್ಭನಿರೋಧಕ ಚುಚ್ಚುಮದ್ದಿನಿಂದ, ಅದನ್ನು ಬಿಟ್ಟ ಮೇಲೆ ಏಳರಿಂದ ಹತ್ತು ತಿಂಗಳು ಕಾಯಬೇಕಾಗಬಹುದು. ಅದರ ಅಪವಾದವನ್ನು ಮಾತ್ರೆಯ ತಲೆಗೆ ಕಟ್ಟುತ್ತಾರೆ.

ನಿಮ್ಮ ಅತ್ತೆಯವರ ಭಯಕ್ಕೆ ಇನ್ನೊಂದು ಬೇರಿದೆ. ಮಾತ್ರೆ ನುಂಗುವಾಗ ತಿಂಗಳಿಗೆ ಸರಿಯಾಗಿ ಕಾಣುವುದು ಸಹಜ ಮುಟ್ಟಲ್ಲ. 21 ಮಾತ್ರೆ ಮುಗಿದ ಮೇಲಿನ ಏಳು ದಿನದ ಬಿಡುವಿನಲ್ಲಿ ಹಾರ್ಮೋನು ಇಳಿದು ಆಗುವ ಸ್ರಾವ. ಪಿಸಿಓಎಸ್ ಒಳಗೇ ಇರುತ್ತದೆ. ಮಾತ್ರೆ ಬಿಟ್ಟಾಗ ಹಳೆಯ ಏರುಪೇರು ಮರಳುತ್ತದೆ, ಊರವರು ‘ಮಾತ್ರೆಯಿಂದಲೇ ಹಾಳಾಯಿತು’ ಎನ್ನುತ್ತಾರೆ. ಮತ್ತೇಕೆ ಕೊಡುತ್ತಾರೆ ಎಂದರೆ, ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಹೋಗುತ್ತದೆ, ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಪರೀಕ್ಷೆ ಆಗಿದೆಯೇ? ರಕ್ತದೊತ್ತಡ ನೋಡಿದರೇ? ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟೇ? ಅರೆತಲೆನೋವು?

ಎರಡು ಜಡೆ:
ನನ್ನದು ಅದೇ ಕಥೆ. ಮಾತ್ರೆ ಬಿಟ್ಟ ಮೇಲೆ ಮುಟ್ಟು ಮತ್ತೆ ತಪ್ಪತೊಡಗಿತು. ವೈದ್ಯರು ಅಂಡಾಣು ಬಿಡುಗಡೆಯಾಗಲೆಂದು ಲೆಟ್ರೊಜೋಲ್ ಕೊಟ್ಟರು. ಮಗಳು ಈಗ ಅಂಗನವಾಡಿಯಲ್ಲಿ ಗಲಾಟೆ ಮಾಡುತ್ತಿದ್ದಾಳೆ.

ಮಲೆನಾಡಿಗ:
ಇಷ್ಟೆಲ್ಲ ಏಕೆ? ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ, ಹಾರ್ಮೋನಿಲ್ಲದ ‘ಛಾಯಾ’ ಗರ್ಭನಿರೋಧಕ ಮಾತ್ರೆ ಸಾಲದೇ?

ಹಳೆಯ ದಾದಿ:
ಸಾಲದು. ಛಾಯಾ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಒಳ್ಳೆಯ ಗರ್ಭನಿರೋಧಕವೇ, ಆದರೆ ಅದು ಮುಟ್ಟನ್ನು ಇನ್ನಷ್ಟು ಮುಂದಕ್ಕೆ ತಳ್ಳಬಹುದು. ಪಿಸಿಓಎಸ್ ಇದ್ದವರಿಗೆ ಅದು ಬೇಡ.

ತುಂಗೆಯ ದಡ:
ಥೈರಾಯ್ಡ್, ರಕ್ತದೊತ್ತಡ ಸರಿಯಿವೆ. ಅರೆತಲೆನೋವು ಇದೆ, ಅದಕ್ಕೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕು ಮಿನುಗುತ್ತದೆ. ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಳೆಯ ದಾದಿ:
ಹಾಗಿದ್ದರೆ ಆ ಸ್ಟ್ರಿಪ್ ಒಡೆಯಬೇಡಿ. ಬೆಳಕು ಮಿನುಗುವ ಅರೆತಲೆನೋವಿನವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಸಲ್ಲದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ನಾಳೆಯೇ ವೈದ್ಯರಿಗೆ ಇದನ್ನು ಹೇಳಿ. ಒಳಪದರ ಕಳಚಲು ಪ್ರೊಜೆಸ್ಟಿನ್ ಒಂದನ್ನೇ ಹತ್ತು ಹದಿನಾಲ್ಕು ದಿನ ಕೊಡುವ ಕ್ರಮವೂ ಇದೆ, ಅದನ್ನು ಕೇಳಿ ನೋಡಿ. ಅದು ಗರ್ಭ ತಡೆಯುವುದಿಲ್ಲ. ಎರಡು ವರ್ಷ ಮಗು ಬೇಡವೆಂದರೆ ಕಾಂಡೋಮ್ ಬೇಕೇ ಬೇಕು.